ಒಂಬತ್ತನೆಯ ಚಿತ್ರ

ಜನವರಿ 6, ಸೋಮವಾರ

ಹಣೆಯ ಗಾಯ ಕಾಣದಂತೆ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಹೋಗಿದ್ದೆ. ಜೈಲಿನ ಗೇಟಿನಲ್ಲಿ ತಪಾಸಣೆ ಮಾಡಿದವಳು ಮೊದಲು ನೋಡಿದ್ದೇ ಅದನ್ನು.

"ಯಾರು ಮೇಡಂ, ಯಜಮಾನ್ರಾ?"

"ನಾನು ಮದುವೆ ಆಗಿಲ್ಲ. ಅಮ್ಮ."

ಅವಳು ನಕ್ಕುಬಿಟ್ಟಳು, ತಮಾಷೆ ಎಂದುಕೊಂಡು.

ನಿನ್ನೆ ಸಂಜೆ ಅಮ್ಮ ಎಸೆದ ಸ್ಟೀಲ್ ಲೋಟದ ಅಂಚು ಅದು. ಎರಡು ವರ್ಷದಿಂದ ಅವಳಿಗೆ ಮರೆವು. ಹಗಲೆಲ್ಲ ಮಗುವಿನಂತೆ ಇರುತ್ತಾಳೆ. ಐದು ಗಂಟೆಯ ಹೊತ್ತಿಗೆ ಕಣ್ಣು ಬೇರೆಯಾಗುತ್ತದೆ, ನಾನು ಯಾರೋ ಆಗುತ್ತೇನೆ, ಕೈಗೆ ಸಿಕ್ಕಿದ್ದು ಹಾರಿ ಬರುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಹೊಸ ಕೆಲಸ ಹೆಂಗಸರ ಜೈಲಿನ ಹೊಲಿಗೆ ಹಾಲಿನದು. ಎಂಬತ್ತು ವರ್ಷದ ಕಟ್ಟಡ, ದುರಸ್ತಿಗೆ ಬಂದಿದೆ. ಒಳಗೆ ಎಷ್ಟು ಹಗಲು ಬರುತ್ತದೆ, ಅದರಲ್ಲಿ ಕಣ್ಣು ಕುಕ್ಕುವುದೆಷ್ಟು, ಹೊರಗೆ ಏನು ಕಾಣುತ್ತದೆ ಎಂದು ಅಳೆದು ಕಿಟಕಿಗಳನ್ನು ಏನು ಮಾಡಬೇಕೆಂದು ಬರೆದುಕೊಡುವುದು ನನ್ನ ಪಾಲಿನದು. ನಲವತ್ತೆರಡು ಮೆಷಿನ್ನು, ಐದು ಎತ್ತರದ ಕಿಟಕಿ, ಐದೂ ಪಡುವಣಕ್ಕೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಹಿಂದೊಮ್ಮೆ ಯಾರೋ ಗಾಜಿಗೆ ಆಳೆತ್ತರದವರೆಗೆ ನೀಲಿ ಬಣ್ಣ ಬಳಿಸಿದ್ದಾರೆ. ಅದರ ಮೇಲೆ ಉಳಿದ ಗಾಜಿನಿಂದ ಬಿಸಿಲು ಹಾಗೆಯೇ ಇಳಿಯುತ್ತದೆ. ಮೂರು ಗಂಟೆಯ ತನಕ ಗುಹೆ, ಆಮೇಲೆ ಕುಲುಮೆ. ನೀಲಿಯಲ್ಲಿ ಅಲ್ಲಲ್ಲಿ ಉಗುರಿನಿಂದ ಕೆರೆದ ನಾಣ್ಯದಗಲದ ತೂತುಗಳು. ಎಲ್ಲವೂ ನಿಂತವರ ಕಣ್ಣಿನ ಎತ್ತರಕ್ಕೆ. ಒಂದಕ್ಕೆ ಕಣ್ಣಿಟ್ಟೆ: ರಸ್ತೆ, ಬಲಕ್ಕೆ ಒಂದು ಬಸ್ ನಿಲ್ದಾಣ, ಒಂದು ಮರ.

ಸೂಪರಿಂಟೆಂಡೆಂಟ್ ನೇರ ಮಾತಿನ ಮನುಷ್ಯ. "ಹತ್ತು ತಿಂಗಳಲ್ಲಿ ಹದಿಮೂರು ಹೊಡೆದಾಟ ಮೇಡಂ. ಎಲ್ಲಾ ನಾಲ್ಕರಿಂದ ಐದರೊಳಗೆ. ಒಬ್ಬಳ ಕಣ್ಣೇ ಹೋಯ್ತು ಕತ್ತರಿ ಚುಚ್ಚಿ. ಕಿಟಕಿ ಇದ್ರೆ ತಾನೇ ಎದ್ದು ನೋಡೋದು, ಜಗಳ ಆಗೋದು? ಇಟ್ಟಿಗೆ ಇಟ್ಟು ಮುಚ್ಚಿ ಟ್ಯೂಬ್‌ಲೈಟ್ ಹಾಕೋಣ. ನಿಮ್ಮದೊಂದು ಸಹಿ ಸಾಕು."

"ಹೊರಗಿನ ನೋಟ ಕಿತ್ತುಕೊಂಡ್ರೆ ಮನುಷ್ಯ ಇನ್ನೂ ರೊಚ್ಚಿಗೇಳ್ತಾನೆ ಸಾರ್. ಮೂರು ವಾರ ಕೊಡಿ."

ಕೊಟ್ಟರು, ಮುಖ ಗಂಟಿಕ್ಕಿಕೊಂಡೇ.

ಜನವರಿ 8, ಬುಧವಾರ

ಕ್ಯಾಮೆರಾ ಇಟ್ಟು ಬಂದೆ. ಹಾಲಿನ ಬಾಗಿಲ ಬಳಿ, ಕಾವಲಿನವರು ಕೂರುವ ಸ್ಟೂಲಿನ ಪಕ್ಕ, ಅವರ ಕಣ್ಣಿನ ಎತ್ತರಕ್ಕೆ, ಕಿಟಕಿಗಳಿಗೆ ಎದುರಾಗಿ. ಹತ್ತು ನಿಮಿಷಕ್ಕೊಮ್ಮೆ ತಾನೇ ಒಂಬತ್ತು ಚಿತ್ರ ತೆಗೆಯುತ್ತದೆ, ಒಂದಕ್ಕಿಂತ ಒಂದಕ್ಕೆ ಹೆಚ್ಚು ಬೆಳಕು ಬಿಟ್ಟುಕೊಂಡು. ಮೊದಲನೆಯದರಲ್ಲಿ ಸೂರ್ಯನ ಚುಕ್ಕಿ ಬಿಟ್ಟರೆ ಕಗ್ಗತ್ತಲು, ಕೊನೆಯದು ಬರೀ ಬಿಳುಪು. ಒಂಬತ್ತನ್ನೂ ಸೇರಿಸಿ ಯಾವ ಮೂಲೆಯಿಂದ ಎಷ್ಟು ಬೆಳಕು ಕಣ್ಣಿಗೆ ಬಡಿಯುತ್ತದೆ ಎಂದು ಲೆಕ್ಕ ಹಾಕುವುದು. ಯಾರ ಮುಖವೂ ಗುರುತು ಸಿಗಬಾರದು ಎಂಬ ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದಾರೆ. ನಡುವಿನ ಐದನೆಯ ಚಿತ್ರವನ್ನು ಸೂಪರಿಂಟೆಂಡೆಂಟರಿಗೆ ತೋರಿಸಿದೆ. "ನೋಡಿ ಸಾರ್, ಬೆಳಕು ಬೆನ್ನ ಹಿಂದಿದೆ. ಮುಖ ಕಾಣಲ್ಲ, ಬರೀ ಕಪ್ಪು ಆಕಾರ."

ಬಾಗಿಲ ಕಾವಲಿನ ಹಿರಿಯ ವಾರ್ಡರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಕೈಯಲ್ಲಿ ಬಟ್ಟೆ ಅಳೆಯುವ ಮರದ ಗಜಕೋಲು, ಬಾಯಲ್ಲಿ ಮಾತು.

"ಬೆಳಕು ಅಳೆಯೋಕೂ ಸಂಬಳ ಕೊಡ್ತಾರಾ ಮೇಡಂ? ಗಾಳಿ ತೂಗೋ ಕೆಲಸ ಏನಾದ್ರೂ ಇದ್ರೆ ಹೇಳಿ, ನಮ್ಮ ಅಳಿಯ ಮನೇಲಿ ಸುಮ್ನೆ ಕೂತಿದ್ದಾನೆ."

ತನ್ನ ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿದಳು. ನಾಲ್ಕಕ್ಕೆ ನಾನು ಹೊರಡಲೇಬೇಕು. ಅಮ್ಮನನ್ನು ಹಗಲು ನೋಡಿಕೊಳ್ಳುವಾಕೆ ಐದಕ್ಕೆ ಹೋಗುತ್ತಾಳೆ.

ಜನವರಿ 10, ಶುಕ್ರವಾರ

ನಾನು ಪ್ರತಿ ಕುರ್ಚಿಯಲ್ಲೂ ಕೂತು ನೋಡುತ್ತೇನೆ. ಹದಿನೇಳನೆಯ ಮೆಷಿನ್ನಿನಲ್ಲಿ ಅಂಗಿಯ ಗುಂಡಿಗೆ ಕಾಜಾ ತೆಗೆಯುವ ಹೆಂಗಸು. ಮೂವತ್ತೈದರ ಆಸುಪಾಸು, ಸಣಕಲು. ಹೆಸರೂ ಕಾಜಾ ಎಂದೇ ಆಗಿದೆ. ಜಾಗ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು.

"ಕೂತ್ರೆ ಏನೂ ಕಾಣಲ್ಲ ಮೇಡಂ. ನಿಲ್ಲಬೇಕು."

"ಏನು ಕಾಣಬೇಕು?"

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಅವಳ ತಂಗಿ ಕೆಲಸ ಮುಗಿಸಿ ನಾಲ್ಕೂವರೆಯ ಬಸ್ಸಿನಿಂದ ಇಳಿಯುತ್ತಾಳೆ. ನಿಲ್ದಾಣದಲ್ಲಿ ನಿಂತು ಹಳದಿ ಕೊಡೆಯನ್ನು ಎರಡು ಸಲ ಬಿಚ್ಚಿ ಮಡಚುತ್ತಾಳೆ. ಎರಡು ಎಂದರೆ ಮನೆಯಲ್ಲಿ ಎಲ್ಲ ಕ್ಷೇಮ, ಮಗಳು ಚೆನ್ನಾಗಿದ್ದಾಳೆ. ಭೇಟಿ ತಿಂಗಳಿಗೊಂದು, ಉಳಿದ ದಿನಕ್ಕೆ ಕೊಡೆ.

"ಒಂದೇ ಸಲ ಬಿಚ್ಚಿದ್ರೆ?"

"ಇನ್ನೂ ಆ ದಿನ ಬಂದಿಲ್ಲ ಬಿಡಿ."

ಅವಳ ಎಡಗೈಯ ಮೂರು ಬೆರಳು ಊದಿಕೊಂಡಿದ್ದವು. ಕೇಳಿದರೆ "ಸೂಜಿ" ಎಂದಳು. ಸೂಜಿ ಚುಚ್ಚಿದರೆ ಹಾಗೆ ಊದುವುದಿಲ್ಲ. ನಾನು ನೋಟದ ಕೋನ ಬರೆದುಕೊಂಡೆ.

ಮನೆಯಲ್ಲಿ ಅಮ್ಮ ರಸ್ತೆ ನೋಡಿ ಕಿರುಚುತ್ತ ಕಿಟಕಿಗೆ ಬಡಿಯುತ್ತಿದ್ದಳು. ಹೋಗಿ ಬರುವವರನ್ನು ಕಂಡರೇ ಕೆರಳುವುದು ಎನಿಸುತ್ತದೆ. ಕೆಳಗಿನ ಗಾಜುಗಳಿಗೆಲ್ಲ ಎರಡು ಪದರ ವೃತ್ತಪತ್ರಿಕೆ ಅಂಟಿಸಿದೆ. ತಾತ್ಕಾಲಿಕ. "ತೆಗಿಯೇ ಅದನ್ನ, ಬರೋ ಹೊತ್ತಾಯ್ತು!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು ಎಂದು ಹೇಳಲಿಲ್ಲ. ಹೇಳಿದಾಗಲೆಲ್ಲ ಅವಳಿಗೆ ಅದು ಹೊಸ ಸಾವು.

ಜನವರಿ 13, ಸೋಮವಾರ

ಮಣಿಕಟ್ಟು ಎರಡನ್ನೂ ಒಟ್ಟಿಗೆ ಹಿಡಿದರೆ ಅಮ್ಮ ಸುಮ್ಮನಾಗುತ್ತಾಳೆ. ಬಿಗಿಯಾಗಿ ಹಿಡಿಯಬೇಕು.

ಜನವರಿ 16, ಗುರುವಾರ

ಒಂದು ಉಪಾಯ ಹೊಳೆದಿದೆ. ಒಳಗಿನಿಂದ ನೋಡಿದರೆ ನಾಲ್ಕೂವರೆಯ ಸೂರ್ಯ ಎಡಗಡೆ ಇರುತ್ತಾನೆ, ಬಸ್ ನಿಲ್ದಾಣ ಬಲಗಡೆ. ನೀಲಿ ಬಣ್ಣವನ್ನೆಲ್ಲ ಕೆರೆದು, ಕಿಟಕಿಯ ಹೊರಗೆ ಉದ್ದುದ್ದ ಹಲಗೆಗಳನ್ನು ಅರ್ಧ ತೆರೆದ ಬಾಗಿಲುಗಳ ಹಾಗೆ ಬಲಕ್ಕೆ ಓರೆಯಾಗಿ ನಿಲ್ಲಿಸಿದರೆ ಬಿಸಿಲು ಹಲಗೆಗೆ ಬಡಿದು ಮೆತ್ತಗಾಗಿ ಒಳಗೆ ಬರುತ್ತದೆ, ಕಣ್ಣು ನೇರ ನಿಲ್ದಾಣಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಸೂರ್ಯ ಬಲಕ್ಕೆ ಸರಿದರೂ ಆ ಹೊತ್ತಿಗೆ ಮೇಲಿರುತ್ತಾನೆ. ತಲೆಯ ಮೇಲೊಂದು ಸಜ್ಜಾ ಸಾಕು. ಕೂತಲ್ಲಿಂದಲೇ ಕೊಡೆ ಕಂಡರೆ ಯಾರೂ ಏಳಬೇಕಿಲ್ಲ. ನನಗೆ ಕವಿತೆ ಓದಿದಾಗ ಆಗುವಂಥದೇ ಖುಷಿಯಾಯಿತು. ಅಂದಹಾಗೆ ಮೇಜಿನ ಮೇಲಿನ ಕವನಸಂಕಲನ ಹೊಸ ವರ್ಷದಿಂದ ಅದೇ ಪುಟದಲ್ಲಿ ಮಗುಚಿಕೊಂಡು ಬಿದ್ದಿದೆ.

ಅಮ್ಮ ಕಾಗದವನ್ನು ಉಗುರಿನಿಂದ ಕೆರೆದು ತೂತು ಮಾಡಿದ್ದಳು. ಕೈಗೆ ಸಣ್ಣದೊಂದು ಏಟು ಕೊಟ್ಟೆ, ಮಕ್ಕಳಿಗೆ ಕೊಡುವ ಹಾಗೆ. ಇನ್ನೊಂದು ಪದರ ಅಂಟಿಸಿದೆ.

ನೋಡಿಕೊಳ್ಳುವಾಕೆ ಹೋಗುವಾಗ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಅಕ್ಕಾ, ಅಮ್ಮನ ಕೈ ಮೇಲೆ ನೀಲಿಗಟ್ಟಿದೆಯಲ್ಲ, ಬಿದ್ರಾ?"

"ರಕ್ತ ತೆಳುವಾಗೋ ಮಾತ್ರೆ. ಮುಟ್ಟಿದ್ರೂ ಕಲೆ ಬೀಳುತ್ತೆ."

ಅದು ನಿಜವೂ ಹೌದು.

ಜನವರಿ 20, ಸೋಮವಾರ



ಎಂಟು ದಿನದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆ. ಒಂಬತ್ತನೆಯದನ್ನು ನಾವು ಯಾರೂ ಕಣ್ಣಿಂದ ನೋಡುವುದಿಲ್ಲ. ಅದು ಲೆಕ್ಕಕ್ಕೆ ಮಾತ್ರ. ಇವತ್ತು ತಪ್ಪಿ ತೆರೆದುಕೊಂಡಿತು. ಕಿಟಕಿಗಳೆಲ್ಲ ಸುಟ್ಟು ಬಿಳಿಯಾಗಿರುತ್ತವೆ. ಆದರೆ ಕಿಟಕಿ ಸುಟ್ಟಾಗ ಕತ್ತಲಲ್ಲಿದ್ದದ್ದು ಬೆಳಗುತ್ತದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಇದು ತೋಚಲಿಲ್ಲ. ಮುಖ ಕಾಣುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಹದಿನಾಲ್ಕನೆಯ ತಾರೀಕು, ನಾಲ್ಕೂವರೆ. ಐದನೆಯ ಚಿತ್ರದಲ್ಲಿ ಎರಡು ಕಪ್ಪು ಆಕಾರ, ಮಾತಾಡುತ್ತ ನಿಂತಂತೆ. ಒಂಬತ್ತನೆಯದರಲ್ಲಿ ಕಾಜಾ. ಅವಳ ಎಡಗೈಯನ್ನು ದೊಡ್ಡಕ್ಕ ಮೆಷಿನ್ನಿನ ಮೇಲೆ ಒತ್ತಿಹಿಡಿದಿದ್ದಾಳೆ. ಗಜಕೋಲು ಬೆರಳುಗಳ ಮೇಲೆ ಇಳಿಯುತ್ತಿದೆ. ಕಾಜಾ ಬಾಯಿ ತೆರೆದಿರುವುದು ಪಕ್ಕದಿಂದ ಕಾಣುತ್ತದೆ, ಮುಖ ಮಾತ್ರ ಕಿಟಕಿಯ ಕಡೆಗೇ ಇದೆ. ದೊಡ್ಡಕ್ಕನ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಕ್ರೌರ್ಯ ಎಂದುಕೊಂಡಿದ್ದೆ. ಅಲ್ಲ, ಹಲ್ಲು ಕಚ್ಚಿ ಹೆದರಿದ ಮುಖ.

ಎಂಟು ದಿನದಲ್ಲಿ ಐದು ದಿನ ಹೀಗೆ.

ಜನವರಿ 21, ಮಂಗಳವಾರ

ವರದಿಗೆ ಹಾಕಿದರೆ ಕೊಟ್ಟ ಮಾತು ಮುರಿದಂತೆ. ಹಾಕದಿದ್ದರೆ? ಮೊದಲು ದೊಡ್ಡಕ್ಕನಿಗೇ ಹೇಳಿಬಿಡೋಣ ಎನಿಸಿತು. ಚಹಾ ಕುಡಿಯುತ್ತ ಹೇಳಿದೆ.

ಅವಳು ಲೋಟ ಕೆಳಗಿಟ್ಟಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಹೊಡೀತೀನಿ, ಹೌದು. ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಾಲ್ಕೂವರೆಗೆ ನನ್ನ ಕಣ್ಣಿಂದ ನೋಡಿ. ಸೂರ್ಯ ಎದುರಿಗೆ. ನಲವತ್ತೆರಡು ಜನ, ಒಬ್ಬಳ ಮುಖಾನೂ ಕಾಣಲ್ಲ. ಯಾರ ಕೈಲಿ ಕತ್ತರಿ, ಯಾರ ಕೈಲಿ ಬಟ್ಟೆ, ದೇವ್ರಾಣೆ ಗೊತ್ತಾಗಲ್ಲ. ಒಬ್ಬಳು ಎದ್ರೆ ಹತ್ತು ಜನ ಏಳ್ತಾರೆ. ಆ ಒಬ್ಬಳನ್ನ ಕೂರಿಸಿಬಿಟ್ರೆ ಆ ದಿನ ದಾಟ್ತು."

"ಅದಕ್ಕೆ ಬೆರಳು ಮುರೀಬೇಕಾ?"

"ನಿಮ್ಮ ಮನೇಲಿ ಯಾರೂ ಯಾರ ಮೇಲೂ ಕೈ ಎತ್ತಲ್ವಾ?"

"ಇಲ್ಲ," ಎಂದೆ. ಅಮ್ಮನದು ಕಾಯಿಲೆ, ಅದನ್ನು ಲೆಕ್ಕಕ್ಕೆ ಹಿಡಿಯಲಾಗದು.

ನಾನು ಹೊರಡುವಾಗ ಗಜಕೋಲನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. "ಆಯ್ತು ತಗೊಳ್ಳಿ. ನಾಳೆಯಿಂದ ನಿಮ್ಮ ಬೆಳಕೇ ಅವರನ್ನ ಕೂರಿಸಲಿ."

ಜನವರಿ 23, ಗುರುವಾರ

ನಿನ್ನೆ ಬರೆಯಲು ಆಗಲಿಲ್ಲ.

ನೋಡಿಕೊಳ್ಳುವಾಕೆಯನ್ನು ಒಂದು ಗಂಟೆ ಹೆಚ್ಚು ಇರು ಎಂದು ಕೇಳಿಕೊಂಡು ನಿನ್ನೆ ನಾನು ಹಾಲಿನಲ್ಲೇ ಉಳಿದೆ. ನಾಲ್ಕೂವರೆಗೆ ಕಾಜಾ ಎದ್ದಳು. ತಡೆಯುವವರಿಲ್ಲ. ಅವಳ ಹಿಂದಿನವಳು ಎದ್ದಳು, ಆಮೇಲೆ ಒಂದು ಸಾಲೇ ಎದ್ದಿತು. ನಾನು ಬಾಗಿಲ ಪಕ್ಕದಲ್ಲಿದ್ದೆ. ನನಗೂ ಕಂಡದ್ದು ಉರಿಯುವ ಬಿಳುಪಿನ ಮುಂದೆ ಅಲ್ಲಾಡುವ ಕಪ್ಪು ಆಕಾರಗಳು ಮಾತ್ರ. ಒಂದು ಆಕಾರ ನಮ್ಮ ಕಡೆಗೇ ನಡೆದು ಬಂತು, ಕೈಯಲ್ಲಿ ಕತ್ತರಿ ತೆರೆದಿತ್ತು. ಸಾಣೆ ಹಿಡಿಸಬೇಕೆಂದು ಕೇಳಲು ಬರುತ್ತಿದ್ದಳಂತೆ. ಅದು ಆಮೇಲೆ ಗೊತ್ತಾದದ್ದು. ದೊಡ್ಡಕ್ಕ ಸ್ಟೂಲನ್ನು ಎತ್ತಿ ಬೀಸಿದಳು. ಮೂಗಿನ ಮೂಳೆ ಮುರಿದ ಸದ್ದು ನಾನಿದ್ದಲ್ಲಿಗೆ ಕೇಳಿತು.

ಆಮೇಲೆ ಎಲ್ಲ ಒಟ್ಟಿಗೆ ಆಯಿತು. ಯಾರೋ ಇಸ್ತ್ರಿಪೆಟ್ಟಿಗೆಯನ್ನು ವೈರು ಹಿಡಿದು ತಿರುಗಿಸಿ ಬಿಟ್ಟರು, ಅದು ದೊಡ್ಡಕ್ಕನ ದವಡೆಗೆ ಬಡಿದು ಎರಡು ಹಲ್ಲು ನೆಲಕ್ಕೆ ಬಿದ್ದವು. ಒಬ್ಬಳ ಕೂದಲನ್ನು ಇನ್ನೊಬ್ಬಳು ಮೆಷಿನ್ನಿನ ಚಕ್ರಕ್ಕೆ ಸುತ್ತಿ ಪೆಡಲ್ ತುಳಿದಳು. ಹಳೆಯ ಹಗೆಗಳೆಲ್ಲ ಆ ಬಿಸಿಲಿನಲ್ಲಿ ಮುಖ ಮರೆಸಿಕೊಂಡು ಎದ್ದುಬಂದವು. ಗಾಜು ಒಡೆಯಿತು. ಬಿಳಿ ಅಂಗಿಗಳ ರಾಶಿಯ ಮೇಲೆ ರಕ್ತ ಚಿಮ್ಮಿತು. ಕಾಜಾ ಯಾವ ಜಗಳಕ್ಕೂ ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದಳು. ದೊಡ್ಡಕ್ಕ ರಕ್ತ ಉಗುಳುತ್ತ ಸ್ಟೂಲಿನ ಮುರಿದ ಕಾಲನ್ನು ಹಿಡಿದು ಹೋಗಿ ಆ ಕೈಯ ಮೇಲೆ ಬಾರಿಸಿದಳು, ಕೈ ಸರಳು ಬಿಡುವ ತನಕ. ಒಣ ಕೊಂಬೆ ಮುರಿದಂತೆ ಸದ್ದಾಯಿತು.

ಒಡೆದ ಗಾಜಿನಾಚೆ ನನಗೆ ಕೊಡೆ ಕಂಡಿತು. ಬಿಚ್ಚಿತು, ಮಡಚಿತು. ಬಿಚ್ಚಿತು, ಮಡಚಿತು. ಸದ್ದು ಕೇಳಿಸಿತೋ ಏನೋ, ಬಿಚ್ಚುತ್ತಲೇ ಇತ್ತು.

ಇವತ್ತು ಸೂಪರಿಂಟೆಂಡೆಂಟರ ಫೋನು. ದೊಡ್ಡಕ್ಕ, ಕಾಜಾ ಇಬ್ಬರೂ ಆಸ್ಪತ್ರೆಯಲ್ಲಿ. ಶನಿವಾರ ಇಟ್ಟಿಗೆ ಕೆಲಸ ಶುರು. ಹತ್ತು ಗಂಟೆಗೆ ಬಂದು ಸಹಿ ಮಾಡಬೇಕು. ಕ್ಯಾಮೆರಾವನ್ನು ಗೇಟಿನಿಂದಾಚೆ ಕಳಿಸಿದ್ದಾರೆ. ತರುವಾಗ ಟ್ರೈಪಾಡ್ ಎತ್ತಲು ಬಲಗೈ ನೋಯುತ್ತಿತ್ತು. ಯಾಕೆಂದು ತಿಳಿಯಲಿಲ್ಲ.

ಅಮ್ಮನ ಕೋಣೆಯೂ ಪಡುವಣದ್ದು. ಐದು ಗಂಟೆಗೆ ಅವಳನ್ನು ಕೆರಳಿಸುವ ಬೆಳಕು ಯಾವುದೆಂದು ಅಳೆದೇ ನೋಡೋಣ ಎಂದು ಕ್ಯಾಮೆರಾವನ್ನು ಅಲ್ಲಿಟ್ಟಿದ್ದೇನೆ. ಬುದ್ಧಿಯಿಂದ ಬಗೆಹರಿಯದ್ದು ಏನೂ ಇಲ್ಲ.

ಜನವರಿ 24, ಶುಕ್ರವಾರ

ನಿನ್ನೆ ಸಂಜೆ ತಲೆ ಬಾಚುವಾಗ ಅಮ್ಮ ಸ್ವಲ್ಪ ಹಟ ಮಾಡಿದಳು. ಬೇಗ ಸುಮ್ಮನಾದಳು. ಬೇರೆ ಊರಿನಲ್ಲಿರುವ ತಮ್ಮ ಫೋನು ಮಾಡಿದ್ದ. "ಅಕ್ಕಾ, ನೀನಿದ್ದೀಯ ಅಂತ ನನಗೆ ಧೈರ್ಯ," ಎಂದ.

ಜನವರಿ 25, ಶನಿವಾರ, ಬೆಳಗ್ಗೆ

ಗುರುವಾರ ಸಂಜೆ ಐದು ಹತ್ತು. ಒಂಬತ್ತನೆಯ ಚಿತ್ರ.

ಮೊದಲು, ಕಾರ್ಡಿನಲ್ಲಿ ಜೈಲಿನದೇ ಉಳಿದಿದೆ ಎಂದುಕೊಂಡೆ. ಕುರ್ಚಿಯಲ್ಲಿ ಒಬ್ಬಳು. ಅವಳ ಎರಡು ಮಣಿಕಟ್ಟುಗಳನ್ನು ಒಂದೇ ಕೈಯಲ್ಲಿ ಒತ್ತಿಹಿಡಿದು ನಿಂತವಳು ಇನ್ನೊಬ್ಬಳು. ನಿಂತವಳ ಬಲಗೈ ಮೇಲಕ್ಕೆ ಎದ್ದಿದೆ, ಕೈಯಲ್ಲಿ ಮರದ ಬಾಚಣಿಗೆ. ಹಲ್ಲು ಕಚ್ಚಿದ ಮುಖ. ಆ ಮುಖವನ್ನು ನಾನು ಒಮ್ಮೆ ನೋಡಿದ್ದೇನೆ, ಗಜಕೋಲಿನ ಹಿಂದೆ.

ಐದು ಇಪ್ಪತ್ತರದ್ದೂ ಅದೇ. ಹತ್ತು ನಿಮಿಷ.

ಹೊಡೆದದ್ದು ನೆನಪಿಲ್ಲ ಎಂದು ಬರೆಯಹೊರಟಿದ್ದೆ. ನೆನಪಿದೆ. ಬರೆದಿಲ್ಲ, ಅಷ್ಟೆ.

ಅಮ್ಮ ಬಾಚಣಿಗೆಯನ್ನು ನೋಡುತ್ತಿಲ್ಲ. ನನ್ನ ಪಕ್ಕದಿಂದ ಕತ್ತು ಚಾಚಿ ಕಾಗದದಲ್ಲಿ ಮತ್ತೆ ಕೆರೆದಿರುವ ತೂತಿನ ಕಡೆ ನೋಡುತ್ತಿದ್ದಾಳೆ.

ಅವಳಿನ್ನೂ ಮಲಗಿದ್ದಾಳೆ. ಅವಳ ಕುರ್ಚಿಯಲ್ಲಿ ಕೂತು ಆ ತೂತಿಗೆ ಕಣ್ಣಿಟ್ಟೆ. ನಲವತ್ತೆರಡು ಕುರ್ಚಿಯಲ್ಲಿ ಕೂತವಳು ಈ ಒಂದರಲ್ಲಿ ಕೂತಿರಲಿಲ್ಲ. ರಸ್ತೆ ಕಾಣುವುದಿಲ್ಲ. ನಮ್ಮ ಗೇಟು ಮಾತ್ರ, ಅದರಿಂದ ಬಾಗಿಲಿಗೆ ಬರುವ ಹತ್ತು ಹೆಜ್ಜೆ. ಅಪ್ಪ ಎಂದೂ ರಾತ್ರಿ ಒಂಬತ್ತರ ಮೊದಲು ಮನೆಗೆ ಬಂದವನಲ್ಲ. ಕಾಲೇಜಿನಿಂದ, ಆಮೇಲೆ ಕೆಲಸದಿಂದ, ಐದಕ್ಕೆ ಆ ಗೇಟು ತೆರೆದು ಬರುತ್ತಿದ್ದವಳು ನಾನು. ಈಗ ಗಾಡಿ ಹಿಂದೆ ನಿಲ್ಲಿಸಿ ಹಿತ್ತಲ ಬಾಗಿಲಿನಿಂದ ಬರುತ್ತೇನೆ. ಬಂದು ಅವಳಿಗೂ ಕಿಟಕಿಗೂ ನಡುವೆ, ಬೆಳಕಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಕಪ್ಪು ಆಕಾರ.

ಜನವರಿ 25, ಮಧ್ಯಾಹ್ನ

ಜೈಲಿನ ಅಂಗಳದಲ್ಲಿ ಇಟ್ಟಿಗೆ ಪೇರಿಸಿದ್ದರು. ಗಾರೆಯವನು ಬಾಂಡ್ಲಿಯಲ್ಲಿ ಸಿಮೆಂಟು ಕಲಸುತ್ತಿದ್ದ. ಸೂಪರಿಂಟೆಂಡೆಂಟರ ಮೇಜಿನ ಮೇಲೆ ಓರೆ ಹಲಗೆಗಳ ನಕ್ಷೆ ಇಟ್ಟೆ, ಅದರ ಮೇಲೆ ಎರಡು ಚಿತ್ರ.

ಮೊದಲನೆಯದನ್ನು ನೋಡಿ ಕನ್ನಡಕ ತೆಗೆದರು. "ಮುಖ ಕಾಣಲ್ಲ ಅಂದಿದ್ರಿ."

"ಅಂದಿದ್ದೆ. ತಪ್ಪಾಯ್ತು. ಐದು ದಿನ ಮೊದಲೇ ತರಬೇಕಿತ್ತು, ಅದೂ ತಪ್ಪು."

ಎರಡನೆಯದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಯಾವ ಹಾಲು? ಈ ವಾರ್ಡರ್ ಯಾರು? ನಮ್ಮವಳಲ್ಲವಲ್ಲ."

"ನಮ್ಮ ಮನೆ ಸಾರ್. ಅದು ನಾನು. ಕೂತಿರೋದು ನಮ್ಮಮ್ಮ."

ಅವರು ಚಿತ್ರವನ್ನು ಮೇಜಿನ ಮೇಲಿಟ್ಟರು.

"ಮುಚ್ಚಿದ್ರೆ ಕೆರೀತಾರೆ ಸಾರ್," ಎಂದೆ. "ಕೆರೆದದ್ದು ಸಾಲದಿದ್ರೆ ಏಳ್ತಾರೆ. ಎದ್ದವರ ಮುಖ ಕಾಣದವರು ಹೆದರಿ ಹೊಡೀತಾರೆ. ನಾನು ಎರಡು ವಾರದಿಂದ ಮನೇಲಿ ಮಾಡಿ ನೋಡಿದೀನಿ. ಇಟ್ಟಿಗೆಗೆ ಸಹಿ ಹಾಕಲ್ಲ."

ಎರಡು ಚಿತ್ರವನ್ನೂ ಡ್ರಾಯರಿಗೆ ಹಾಕಿದರು. ದೊಡ್ಡಕ್ಕನ ಮೇಲೆ ವಿಚಾರಣೆ ಆಗುತ್ತದೆ, ಷರತ್ತು ಮುರಿದದ್ದಕ್ಕೆ ನನ್ನ ಮೇಲೂ ದೂರು ಹೋಗುತ್ತದೆ ಎಂದರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಏಯ್, ನಿಲ್ಸಯ್ಯಾ! ಸೋಮವಾರ ನೋಡೋಣ." ನನ್ನ ಕಡೆ ತಿರುಗದೆಯೇ, "ಒಂದು ಕಿಟಕಿ. ಒಂದೇ ಒಂದು. ಮಾಡಿ ತೋರಿಸಿ."

ಮನೆಗೆ ಬಂದು ನೋಡಿಕೊಳ್ಳುವಾಕೆಗೆ, ಅಮ್ಮನ ಕೈ ಮೇಲಿನ ಕಲೆ ಮಾತ್ರೆಯದಲ್ಲ ಎಂದು ಹೇಳಿದೆ. ಅವಳು, "ನಂಗೊತ್ತಿತ್ತಕ್ಕ," ಎಂದಳು. ತಮ್ಮನಿಗೂ ಹೇಳಿದೆ. ಬರುತ್ತೇನೆ ಎಂದ. ಕಾಗದವನ್ನೆಲ್ಲ ಕಿತ್ತು ಬಿಸಿನೀರಿನಲ್ಲಿ ಗಾಜು ತೊಳೆದೆ.

ಜನವರಿ 27, ಸೋಮವಾರ

ಹದಿನೇಳನೆಯ ಮೆಷಿನ್ನಿನ ಎದುರಿನ ಕಿಟಕಿಗೆ ಬಡಗಿ ಪ್ಲೈವುಡ್ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದ. ನೀಲಿಯನ್ನು ನಾನೇ ಬ್ಲೇಡಿನಿಂದ ಕೆರೆದೆ. ಬೆರಳು ಕುಯ್ದುಕೊಂಡಿತು, ನಿಲ್ಲಿಸಲಿಲ್ಲ. ನಾಲ್ಕೂವರೆಗೆ ದೊಡ್ಡಕ್ಕನ ಜಾಗದಲ್ಲಿ ಕೂತೆ. ಉಳಿದ ನಾಲ್ಕು ಕಿಟಕಿಗಳ ಮುಂದಿನವರು ಕಪ್ಪು ಆಕಾರಗಳೇ. ಈ ಒಂದರ ಮುಂದಿನ ಎಂಟು ಜನಕ್ಕೆ ಮಾತ್ರ ಮುಖವಿತ್ತು. ಕಾಜಾ ಇನ್ನೂ ಆಸ್ಪತ್ರೆಯಲ್ಲಿ, ಕೈಗೆ ಪ್ಲಾಸ್ಟರು. ಅವಳ ಜಾಗದಲ್ಲಿ, ಮೂಗಿಗೆ ಪಟ್ಟಿ ಕಟ್ಟಿಕೊಂಡವಳು ಕಾಲರ್ ಹೊಲಿಯುತ್ತಿದ್ದಳು. ಒಮ್ಮೆ ತಲೆ ಎತ್ತಿದಳು. ಕಾಲು ಮಾತ್ರ ಪೆಡಲ್ ಬಿಡಲಿಲ್ಲ.

"ಎರಡು," ಎಂದಳು ಪಕ್ಕದವಳಿಗೆ. "ಆಸ್ಪತ್ರೆಗೆ ಊಟ ತಗೊಂಡು ಹೋಗೋರಿಗೆ ಹೇಳೇ. ಎರಡು ಅಂತ."

ಯಾರೂ ಏಳಲಿಲ್ಲ.

ನೋಡಿಕೊಳ್ಳುವಾಕೆ ಇನ್ನು ಮೇಲೆ ಆರರ ತನಕ ಇರುತ್ತಾಳೆ. ಗಾಡಿಯನ್ನು ರಸ್ತೆಯ ಕೊನೆಯಲ್ಲಿ ನಿಲ್ಲಿಸಿ ನಡೆದು ಬಂದೆ. ಐದೂ ಕಾಲಾಗಿತ್ತು. ಬಿಸಿಲು ನನ್ನ ಮುಖದ ಮೇಲೆ ಬೀಳುವಂತೆ ಒಂದು ಕ್ಷಣ ಪಕ್ಕಕ್ಕೆ ತಿರುಗಿ ನಿಂತು ಗೇಟಿನ ಅಗುಳಿ ಹಾಕಿದೆ. ಮತ್ತೆ ತಿರುಗಿದರೆ ಅಮ್ಮ ಕುರ್ಚಿಯಿಂದ ಎದ್ದು ಎರಡು ಅಂಗೈಯಿಂದಲೂ ಗಾಜನ್ನು ಬಡಿಯುತ್ತಿದ್ದಳು. ಒಡೆದೀತು ಎಂದು ಓಡಿದೆ.

ಬಾಗಿಲಲ್ಲೇ ಸಿಕ್ಕಳು. ಉಸಿರು ಏರಿತ್ತು. ನನ್ನ ಮುಖವನ್ನು, ಹಣೆಯ ಗಾಯವನ್ನು, ಪಟ್ಟಿ ಸುತ್ತಿದ ಬೆರಳನ್ನು ನೋಡಿದಳು. ಕೈ ಎತ್ತಿ ಕೆನ್ನೆಗೆ ಫಟ್ ಎಂದು ಬಾರಿಸಿದಳು, ಕಿವಿ ಗುಂಯ್‌ಗುಡುವ ಹಾಗೆ.

"ಎಲ್ಲಿ ಸತ್ತಿದ್ಯೇ ಇಷ್ಟು ಹೊತ್ತು? ಎಷ್ಟು ದಿನದಿಂದ ಕಾಯ್ತಿದೀನಿ!"

ಎರಡು ವರ್ಷದಲ್ಲಿ ಅವಳು, ನಾನೇ ಎಂದು ತಿಳಿದು ನನ್ನನ್ನು ಹೊಡೆದದ್ದು ಇದೇ ಮೊದಲು.